ಗಾಳಿ ಅಲ್ಲಿ, ನೋಟ ಇಲ್ಲಿ

ಡಿಸೆಂಬರಿನ ಒಂದು ಮಧ್ಯಾಹ್ನ, ಹೊಸಪೇಟೆಯ ಒಂದು ಮನೆ. ಕಂಪ್ಲಿಯಲ್ಲಿ ಭತ್ತದ ಕೊಯ್ಲು ಮುಗಿಸಿ ತಾತ ಮಗನ ಮನೆಗೆ ಬಂದಿದ್ದಾರೆ. ಸಂಡೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳು ರಜೆ ಹಾಕಿ ಟಿವಿ ಮುಂದೆ ಕೂತಿದ್ದಾಳೆ. ಪರದೆಯ ಮೇಲೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಪಕ್ಕದ ಬ್ಲೌಬರ್ಗ್ ಕಡಲತೀರ. ‘ರೆಡ್ ಬುಲ್ ಕಿಂಗ್ ಆಫ್ ದಿ ಏರ್’ ಎಂಬ ಕೈಟ್‌ಸರ್ಫಿಂಗ್ ಸ್ಪರ್ಧೆಯ ನೇರ ಪ್ರಸಾರ. ಕಾಲಿಗೆ ಹಲಗೆ, ಸೊಂಟದ ಪಟ್ಟಿಗೆ ದೊಡ್ಡ ಗಾಳಿಪಟ. ಅಲೆಯ ನೆತ್ತಿಯಿಂದ ಆಕಾಶಕ್ಕೆ ಜಿಗಿದು, ಅಲ್ಲಿ ಪಟವನ್ನು ಆಡಿಸಿ, ಮತ್ತೆ ನೀರಿಗೆ ಇಳಿಯಬೇಕು. ಎತ್ತರಕ್ಕೂ ಅಂಕ, ಆ ಎತ್ತರದಲ್ಲಿ ತೋರಿದ ಧೈರ್ಯಕ್ಕೂ ಅಂಕ.

ತಾತ: ಅರ್ಧ ತಾಸಾಯ್ತು, ಒಬ್ಬರೂ ನೀರಿಗೆ ಇಳಿದಿಲ್ಲ. ಎಲ್ಲಾರೂ ಮುಗಿಲು ನೋಡ್ಕೊಂತ ಕುಂತಾರೆ. ಇದರಾಗೆ ನೋಡೋದೇನೈತವ್ವಾ?

ಮೊಮ್ಮಗಳು: ಗಾಳಿ ಇನ್ನೂ ಸಾಲದು ತಾತ. ಈ ಸ್ಪರ್ಧೆಗೆ ಮೊದಲೇ ಗೊತ್ತಾದ ದಿನ ಅಂತಿಲ್ಲ. ಕೆಲವು ವಾರಗಳ ಅವಧಿ ಇಟ್ಕೊಂಡು ಕಾಯ್ತಾರೆ. ತಕ್ಕ ಗಾಳಿ ಬರೋ ದಿನ ನೋಡಿ, ಇವತ್ತು ಆಟ ಅಂತಾರೆ. ಇವರಿಗೆ ಬೇಕಾಗಿರೋದು ಗಂಟೆಗೆ 50, 55 ಕಿಲೋಮೀಟರ್ ವೇಗದಲ್ಲಿ ಬೀಸೋ ಗಾಳಿ.

ತಾತ: ಅದು ಬರ್ತೈತೆ ಬಿಡು. ಹಿಂದಿರೋ ಆ ಚಪ್ಪಟೆ ಬೆಟ್ಟ ನೋಡು. ನೆತ್ತಿ ಮೇಲಿಂದ ಮೋಡ ಈ ಕಡೆ ಸುರೀತೈತೆ. ಮೇಲಿನ ಗಾಳಿ ಆಗಲೇ ಬಿರುಸಾಗೈತೆ. ಇನ್ನೊಂದು ಗಳಿಗೆಗೆ ಕೆಳಗೂ ಬರ್ತೈತೆ.

ಮೊಮ್ಮಗಳು: ಅದು ಟೇಬಲ್ ಮೌಂಟನ್. ಅಲ್ಲಿನವರೂ ಆ ಮೋಡ ನೋಡಿಯೇ ಗಾಳಿಯ ಗುರುತು ಹಿಡೀತಾರೆ. ಬೇಸಿಗೆಯಲ್ಲಿ ಆಗ್ನೇಯದಿಂದ ಬೀಸೋ ಗಾಳಿ ಅದು. ಊರಿನ ಹೊಗೆ, ಕೊಳೆ ಎಲ್ಲಾ ಹೊಡ್ಕೊಂಡು ಹೋಗುತ್ತೆ ಅಂತ ‘ಕೇಪ್ ಡಾಕ್ಟರ್’ ಅನ್ನೋ ಹೆಸರು. ನೀನು ಇಲ್ಲಿ ಕೂತೇ ಹೇಳಿಬಿಟ್ಟೆಯಲ್ಲ!

ತಾತ: ಗಾಳಿ ಕಾಯೋದು ನಮಗೆ ಹೊಸದಲ್ಲ. ಈಗ ಮಷಿನ್ ಬಂದು ಒಂದೇ ದಿನಕ್ಕೆ ಭತ್ತ ಕೊಯ್ದು, ಕಾಳು ಬೇರೆ ಮಾಡಿ ಕೊಟ್ಟು ಹೋಗ್ತೈತೆ. ನನ್ನ ಹರೇದಾಗೆ ಕಣದ ಮೇಲೆ ರಾತ್ರಿ ಎಲ್ಲಾ ಕುಂತು ಗಾಳಿ ಕಾಯ್ತಿದ್ವಿ. ಬಂತೂ ಅಂದ್ರೆ ಉಣ್ಣೋ ತಾಟು ಬಿಟ್ಟು ಎದ್ದು, ಮೊರ ಎತ್ತಿ ತೂರಬೇಕು. ಜೋರಾದ್ರೆ ಗಟ್ಟಿ ಕಾಳೂ ಹಾರಿ ಹೋಗ್ತೈತೆ, ಮೆತ್ತಗಾದ್ರೆ ಜೊಳ್ಳು ಕಾಲ ಬುಡಕ್ಕೇ ಬೀಳ್ತೈತೆ. ಗಾಳಿ ಬಂದಾಗ ತೂರಿಕೋ ಅಂತ ಎಲ್ಲಾರೂ ಅಂತಾರೆ. ಆದ್ರೆ ಎಂಥಾ ಗಾಳಿಗೆ ತೂರಬೇಕು ಅನ್ನೋದು ಮೈಗೆ ಗೊತ್ತಿರಬೇಕು. ಆ ಹುಡುಗರಿಗೆ ಅದು ಗೊತ್ತೈತೆ, ಅವರು ನಿಂತ ರೀತಿ ನೋಡಿದ್ರೆ ತಿಳೀತೈತೆ. ನಿನಗೇನು ಗೊತ್ತಾಗ್ತೈತೆ? ಈ ಪರದೆಯಿಂದ ಒಂದು ಉಸಿರಿನಷ್ಟು ಗಾಳಿನೂ ಬರಲ್ಲ.

ಮೊಮ್ಮಗಳು: ಮೈಗೆ ಗೊತ್ತಾಗಲ್ಲ, ಒಪ್ಪಿದೆ. ಕಣ್ಣಿಗೆ ಗೊತ್ತಾಗುತ್ತೆ. ಇಗೋ, ಮೊದಲ ಸುತ್ತು ಶುರುವಾಯ್ತು. ಮನುಷ್ಯನನ್ನ ನೋಡಬೇಡ ತಾತ, ಪಟ ನೋಡು. ನಾನೂ ಮೊದಲೆಲ್ಲಾ ಮನುಷ್ಯನನ್ನೇ ನೋಡ್ತಿದ್ದೆ. ಎಲ್ಲಾ ಜಿಗಿತಗಳೂ ಒಂದೇ ಥರ ಕಾಣ್ತಿದ್ವು.

ಒಬ್ಬ ಸವಾರ ಅಲೆಗಳನ್ನು ಸೀಳುತ್ತ ಬಂದ. ಹಲಗೆಯ ಅಂಚು ನೀರಿಗೆ ಊರಿದೆ, ಮೈ ಹಿಂದಕ್ಕೆ ವಾಲಿದೆ. ಎದ್ದ ಅಲೆ ಹತ್ತಿರವಾದಾಗ ಕೈಯಲ್ಲಿದ್ದ ಹಿಡಿಕೋಲನ್ನು ತಿರುಗಿಸಿದ. ಪಕ್ಕದಲ್ಲಿದ್ದ ಪಟ ಸರ್ರನೆ ನೆತ್ತಿಗೆ ಬಂತು. ಅಲೆಯ ತುದಿ ಬಿಟ್ಟ ಮನುಷ್ಯ ಮೇಲೇರಿದ. ಏರಿಕೆ ಇನ್ನೇನು ಮುಗಿಯಬೇಕು ಎನ್ನುವಾಗ ಪಟ ಗಿರಕಿ ಹೊಡೆಯಲು ಶುರು ಮಾಡಿತು. ಮುಂದಕ್ಕೆ ಬಾಗಿ ಕೆಳಗೆ ಬಂತು, ಅವನ ಮಟ್ಟ ದಾಟಿ ಇನ್ನೂ ಕೆಳಕ್ಕೆ ಹೋಯಿತು. ಆ ಎಳೆತಕ್ಕೆ ಅವನ ಇಡೀ ದೇಹ ಅಡ್ಡಡ್ಡವಾಗಿ ಗಾಳಿಯಲ್ಲಿ ಹಾರಿತು. ಪಟ ಸುತ್ತು ಮುಗಿಸಿ ಮತ್ತೆ ತಲೆಯ ಮೇಲೆ ನಿಂತಾಗ ನೀರು ಕೆಲವೇ ಅಡಿ ದೂರ. ಹಲಗೆ ನೀರಿಗೆ ತಾಗಿ, ಜಾರಿ, ಮುಂದೆ ಹೋಯಿತು.

ತಾತ: ಪಟ ಅವನಿಗಿಂತ ಕೆಳಗೆ ಹೋತಲ್ಲ!

ಮೊಮ್ಮಗಳು: ಅದನ್ನ ನೀನು ಕಂಡೆ ನೋಡು, ಅದೇ ಆಟ. ಕೈಟ್‌ಲೂಪ್ ಅಂತಾರೆ. ಎತ್ತಿ ಹಿಡಿದಿರೋ ಪಟವನ್ನ ಬೇಕಂತಲೇ ಕೆಳಗೆ ಕಳಿಸೋದು. 20 ಮೀಟರಿಗೂ ಉದ್ದದ ದಾರಗಳು. ಪಟ ಸುತ್ತು ಮುಗಿಸಿ ವಾಪಸ್ ಬರೋವರೆಗೆ ಅವನನ್ನ ಮೇಲಿಂದ ಹಿಡಿಯೋದು ಏನೂ ಇಲ್ಲ. ತಡ ಆದ್ರೆ ಬಿದ್ದ ಹಾಗೇ. ಗಾಳಿ ವೇಗ ಎರಡು ಪಟ್ಟಾದ್ರೆ ಅದೇ ಪಟದ ಸೆಳೆತ ನಾಲ್ಕು ಪಟ್ಟಾಗುತ್ತೆ. ಅದಕ್ಕೇ ಗಾಳಿ ಏರಿದ ಹಾಗೆ ಚಿಕ್ಕ ಪಟ ಆರಿಸ್ಕೋತಾರೆ. ಯಾವ ಅಳತೆಯ ಪಟ, ಯಾವ ಅಲೆ, ಯಾವ ಗಳಿಗೆ, ಇಷ್ಟೂ ಲೆಕ್ಕ ಅವನ ತಲೆಯಲ್ಲಿರುತ್ತೆ.

ತಾತ: ಲೆಕ್ಕ ಇರಬಹುದು. ಎತ್ತರ ಮಾತ್ರ ನನಗೆ ಗೊತ್ತಾಗಲಿಲ್ಲ. ಸುತ್ತಾ ನೀರು, ಮೇಲೆ ಆಕಾಶ. ಪಕ್ಕದಾಗೆ ಒಂದು ಮರ ಇಲ್ಲ, ಮನೆ ಇಲ್ಲ. ಹತ್ತು ಅಡಿನೂ ಒಂದೇ, ನೂರು ಅಡಿನೂ ಒಂದೇ.

ಮೊಮ್ಮಗಳು: ಹಂಪಿ ವಿರೂಪಾಕ್ಷನ ದೊಡ್ಡ ಗೋಪುರ ಸುಮಾರು 50 ಮೀಟರ್. ಈ ಆಟದ ದಾಖಲೆ ಜಿಗಿತಗಳು 30 ಮೀಟರ್ ದಾಟಿವೆ. ರಥಬೀದಿಯಲ್ಲಿ ನಿಂತು ಗೋಪುರದ ಅರ್ಧಕ್ಕಿಂತ ಮೇಲೆ ಒಬ್ಬ ಮನುಷ್ಯ ಇದ್ದಾನೆ ಅಂತ ಕತ್ತೆತ್ತಿ ನೋಡು, ಗೊತ್ತಾಗುತ್ತೆ. ಅಳತೆಯ ಸಾಧನ ಹಲಗೆಯಲ್ಲೇ ಇಡ್ತಾರೆ.

ತಾತ: ಅಲ್ಲಿಗೆ ನೀನೇ ಒಪ್ಪಿದಂಗಾಯ್ತು. ಪರದೆ ತೋರಿಸಲಿಲ್ಲ, ಅಂಕಿ ಹೇಳ್ತು. ನನ್ನ ಕಣ್ಣಿಗೆ ಕಾಣಿಸಾಕೆ ನೀನು ನಮ್ಮ ಗೋಪುರ ತಂದು ನಿಲ್ಲಿಸಬೇಕಾಯ್ತು.

ಮೊಮ್ಮಗಳು: ಹಾಗೆ ತಂದು ನಿಲ್ಲಿಸ್ಕೊಳ್ಳೋದೂ ನೋಡೋದ್ರಲ್ಲೇ ಸೇರಿದೆ ತಾತ. ದಂಡೆ ಮೇಲೆ ನಿಂತವರಿಗೂ ಎತ್ತರ ಸುಲಭವಾಗಿ ತಿಳಿಯಲ್ಲ. ದೂರದ ಒಂದು ಚುಕ್ಕಿ ಏರಿ ಇಳಿದಂಗೆ ಕಾಣುತ್ತೆ. ನಮಗೆ ಡ್ರೋನ್ ಹತ್ತಿರ ಹೋಗಿ ತೋರಿಸ್ತಿದೆ. ಅವನ ಕೈ ಬೆರಳು ಹಿಡಿಕೋಲಿನ ಯಾವ ತುದಿಯಲ್ಲಿದೆ ಅಂತ ಕಾಣುತ್ತೆ.

ಅಷ್ಟರಲ್ಲಿ ಇನ್ನೊಬ್ಬ ಸವಾರನ ಪಟ ವಾಪಸು ಬರುವುದು ತಡವಾಯಿತು. ಅವನು ಬೆನ್ನಡಿಯಾಗಿ ನೀರಿಗೆ ಅಪ್ಪಳಿಸಿದ. ಹಲಗೆ ಒಂದು ಕಡೆ, ಮನುಷ್ಯ ಒಂದು ಕಡೆ. ಮರುಕ್ಷಣ ಚಿತ್ರ ಬದಲಾಗಿ, ಅದೇ ಸುತ್ತಿನ ಬೇರೊಬ್ಬನ ಜಿಗಿತ ಬಂತು.

ತಾತ: ಬಿದ್ದವನು ಎಲ್ಲಿ?

ಮೊಮ್ಮಗಳು: ಹಿಂದೆ ಇರ್ತಾನೆ. ಕಾಯೋದಕ್ಕೆ ಜೆಟ್‌ಸ್ಕಿ ಬಿಟ್ಟಿರ್ತಾರೆ. ತಲೆಗೆ ಹೆಲ್ಮೆಟ್, ಎದೆಗೆ ಕವಚ ಇದೆ. ತೀರಾ ಕಷ್ಟ ಆದ್ರೆ ಪಟವನ್ನೇ ಕಳಚಿ ಬಿಡೋ ಬೀಗ ಇದೆ.

ತಾತ: ಅದೆಲ್ಲಾ ಇರಲಿ. ಅವನು ಎದ್ದನೋ ಇಲ್ಲೋ? ನೇರ ಪ್ರಸಾರ ಅಂತೀಯ. ನಾನು ನೋಡಬೇಕಾಗಿರೋದು ಅವನನ್ನ. ಇದು ಹಾರೋನ ಹಿಂದೆ ಓಡ್ತೈತೆ.

ಮೊಮ್ಮಗಳು: ಸುತ್ತಿನ ಸಮಯ ಓಡ್ತಿರುತ್ತೆ, ಅದಕ್ಕೆ. ಇಗೋ, ವಿವರಣೆಯವರು ಹೇಳಿದ್ರು, ಕೈ ಎತ್ತಿ ತೋರಿಸಿದ್ದಾನೆ, ಆರಾಮಾಗಿದ್ದಾನೆ ಅಂತ.

ತಾತ: ಕೇಳಿದೆ. ಕಾಣಲಿಲ್ಲ.

ಮೊಮ್ಮಗಳು: ನಿನ್ನ ಮಾತಿನಲ್ಲಿ ನ್ಯಾಯ ಇದೆ. ಆದ್ರೆ ನೇರ ಪ್ರಸಾರ ಅಲ್ಲದೇ ಹೋಗಿದ್ರೆ ಅವನು ಬಿದ್ದದ್ದೂ ಕಾಣ್ತಿರಲಿಲ್ಲ. ನಾಳೆ ಇದನ್ನೇ ಐದು ನಿಮಿಷಕ್ಕೆ ಕತ್ತರಿಸಿ ಹಾಕ್ತಾರೆ. ಅದರಲ್ಲಿ ಎಲ್ಲರೂ ಗೆದ್ದವರೇ. ಕಾದದ್ದು, ಬಿದ್ದದ್ದು, ಗಾಳಿ ಸತ್ತು ಸುಮ್ಮನೆ ನಿಂತದ್ದು ಒಂದೂ ಇರಲ್ಲ. ನಾನು ಪೂರ್ತಿ ಕೂತು ನೋಡೋದು ಅದಕ್ಕೇ. ಮುಂದೇನು ಅಂತ ಆಡೋರಿಗೂ ಗೊತ್ತಿಲ್ಲ, ತೋರಿಸೋರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಸ್ಪರ್ಧೆ 2000ದಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದ್ದು. ಕೆಲವು ವರ್ಷ ನಿಂತು, 2013ಕ್ಕೆ ಕೇಪ್‌ಟೌನ್‌ನಲ್ಲಿ ಮತ್ತೆ ಶುರುವಾಯ್ತು. ಆ ವರ್ಷ ಗೆದ್ದ ಜೆಸ್ಸಿ ರಿಚ್‌ಮನ್‌ಗೆ ಇನ್ನೊಮ್ಮೆ ಪಟ್ಟ ಸಿಕ್ಕಿದ್ದು 2020ರಲ್ಲಿ. ನಡುವಿನ ಏಳು ವರ್ಷ ತುಣುಕು ವಿಡಿಯೊದಲ್ಲಿ ಎಲ್ಲಿ ಕಾಣುತ್ತೆ?

ತಾತ: ಮುಂದೇನು ಗೊತ್ತಿಲ್ಲ ಅಂತ ನೇರ ಪ್ರಸಾರ ನೋಡಿದ್ದು ನಾನೂ ಉಂಟು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ, ಗೇಟು ಕೊಚ್ಚಿ ಹೋಯ್ತಲ್ಲ. ಅದೊಂದೇ ಕಿಂಡಿಯಿಂದ 35 ಸಾವಿರ ಕ್ಯುಸೆಕ್ ನೀರು. ಡ್ಯಾಮಿನ ಮೇಲೆ ಭಾರ ಕಡಿಮೆ ಆಗಲಿ ಅಂತ ಉಳಿದ ಗೇಟುಗಳನ್ನೂ ತೆರೆದರು. ಕಂಪ್ಲಿ ಕೋಟೆ ಕಡೆ ಯಾರು ನಿದ್ದೆ ಮಾಡಿದ್ರು? ಹೊಳೆ ಏರಿದ್ರೆ ಸೇತುವೆ ಮುಳುಗ್ತೈತೆ, ಮನೆಗೆ ನೀರು ಬರ್ತೈತೆ. ದನ ಬಿಚ್ಚಬೇಕೋ, ಪಂಪ್‌ಸೆಟ್ ಎತ್ತಬೇಕೋ ಅಂತ ಮೊಬೈಲು ಹಿಡ್ಕೊಂಡು ಕುಂತಿದ್ವಿ. ಆ ನೀರು ನಮ್ಮ ಬಾಗಿಲಿಗೆ ಬರೋ ನೀರು. ಅದಕ್ಕೆ ನೇರ ಪ್ರಸಾರ ಬೇಕು. ಇಲ್ಲಿ ಆ ಹುಡುಗ ಬಿದ್ರೆ ನಿನಗೇನು ಬರ್ತೈತೆ? ಕೈಯಾಗಿರೋ ಚಾ ಕೂಡ ಚೆಲ್ಲಲ್ಲ.

ಮೊಮ್ಮಗಳು: ಆವತ್ತು ನೋಡಿದವರು ಕಂಪ್ಲಿಯವರಷ್ಟೇ ಅಲ್ವಲ್ಲ. ನದಿ ಜೊತೆ ಯಾವ ಸಂಬಂಧವೂ ಇಲ್ಲದವರು ಬೆಂಗಳೂರಲ್ಲಿ ಕೂತು ನೋಡಿದ್ರು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಗೇಟ್ ತಜ್ಞರು ಬಂದು, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸೋ ಉಪಾಯ ಹೇಳಿದ್ರು. ಒಂದೇ ಗೇಟಿನ ಬದಲು ಐದು ತುಂಡು, ಒಂದರ ಮೇಲೊಂದು. ಆಗಸ್ಟ್ 17ರ ಹೊತ್ತಿಗೆ ನೀರು ನಿಂತೇ ಹೋಯ್ತು. ಕ್ರೇನಿಗೆ ತೂಗಿದ ಉಕ್ಕಿನ ತುಂಡು ಆ ರಭಸದಲ್ಲಿ ತೋಡಿನೊಳಗೆ ಕೂರುತ್ತೋ ಇಲ್ವೋ ಅಂತ ನಾಡೇ ಉಸಿರು ಬಿಗಿ ಹಿಡಿದಿತ್ತು. ಡ್ಯಾಮಿನ ಗೇಟಿನ ಮೇಲೆ ನಿಂತು ಕೆಲಸ ಮಾಡೋ ಜನ ಇದ್ದಾರೆ ಅಂತ ಎಷ್ಟೋ ಮಂದಿಗೆ ಅವತ್ತೇ ಗೊತ್ತಾಗಿದ್ದು. ತಮ್ಮ ಬಾಗಿಲಿಗೆ ಬರದ ನೀರನ್ನ ನೋಡಿದ್ರಿಂದಲೇ ಅವರಿಗೆ ಆ ಗೌರವ ಹುಟ್ಟಿತು.

ತಾತ: ಅದು ನಿಜ. ಆ ಕೆಲಸಗಾರರಿಗೆ ನಾವೂ ಕೈ ಮುಗಿದ್ವಿ. ಆದ್ರೆ ಅವರು ಕ್ಯಾಮೆರಾ ಐತೆ ಅಂತ ಅಲ್ಲಿ ನಿಲ್ಲಲಿಲ್ಲ. ಹಿಂದೆ 105 ಟಿಎಂಸಿ ಡ್ಯಾಮು ತುಂಬಿತ್ತು, ಮುಂದೆ ನಮ್ಮ ಬೆಳೆ ಇತ್ತು. ಕ್ಯಾಮೆರಾ ಇಲ್ಲದಿದ್ರೂ ನಿಲ್ತಿದ್ರು. ಈ ಹುಡುಗರು? ಕ್ಯಾಮೆರಾ ತೆಗೆದುಬಿಡು, ಕಂಪನಿ ಬಾವುಟ ತೆಗೆದುಬಿಡು. ಪಟವನ್ನ ತಮಗಿಂತ ಕೆಳಗೆ ಕಳಿಸ್ತಾರೇನು?

ಮೊಮ್ಮಗಳು: ಕಳಿಸ್ತಾರೆ. ಯಾರೂ ನೋಡದ ಊರಲ್ಲಿ, ಯಾರೂ ನೋಡದ ದಿನ, ವರ್ಷಗಟ್ಟಲೆ ಕಲ್ತಿರ್ತಾರೆ. ಚಿತ್ರದುರ್ಗದ ಜ್ಯೋತಿರಾಜ್ ಹಗ್ಗ ಇಲ್ಲದೆ ಕೋಟೆ ಗೋಡೆ ಏರ್ತಾರಲ್ಲ, ಯಾವ ಕಂಪನಿ ಹೇಳಿತ್ತು ಮೊದಲ ದಿನ? ಇನ್ನು ಬಾವುಟದ ಮಾತಿಗೆ ಬಂದ್ರೆ, ನಮ್ಮ ಹಂಪಿಯಲ್ಲೇ ಐನೂರು ವರ್ಷದ ಹಿಂದೆ ಏನಾಗ್ತಿತ್ತು? ಕೃಷ್ಣದೇವರಾಯನ ಕಾಲಕ್ಕೆ ಬಂದಿದ್ದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯಸ್ ಮಹಾನವಮಿಯ ಕುಸ್ತಿ ನೋಡಿ ಬರೆದಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಹೊಡೆತಗಳು. ಅರಸ ಖರ್ಚು ಹಾಕಿದ, ಊರು ನೋಡ್ತು, ಪಾಯಸ್ ಬರೆದ. ಹಾಗಂತ ಆ ಜಟ್ಟಿಗಳ ಸಾಮು ಸುಳ್ಳಾಗುತ್ತಾ?

ತಾತ: ಸುಳ್ಳಾಗಲ್ಲ. ಆದ್ರೆ ಅರಸ ಎದುರಿಗೇ ಕುಂತಿದ್ದ. ಹಲ್ಲು ಮುರಿದವನ ಮಾರಿ ಅವನಿಗೆ ಕಾಣ್ತಿತ್ತು. ಮಾರನೇ ದಿನ ಅದೇ ಊರಾಗೆ ಅವನೂ ಇರ್ತಿದ್ದ, ಇವನೂ ಇರ್ತಿದ್ದ. ನೋಡಿದ ಋಣ ಅಂತ ಒಂದಿತ್ತು. ಈಗ ನೋಡೋರು ಲಕ್ಷ ಮಂದಿ, ಋಣ ಯಾರ ಮೇಲೂ ಇಲ್ಲ. ಇನ್ನೊಂದು ಹೇಳ್ತೀನಿ ಕೇಳು. ಸಣಾಪುರದ ಹತ್ರ ಬಂಡೆ ಮೇಲಿಂದ ಹೊಳೆಗೆ ಹಾರ್ತಾರೆ, ಜೊತೆಗೆ ಬಂದೋರು ಮೊಬೈಲಾಗೆ ಹಿಡೀತಾರೆ. ಸುಳಿ ಎಲ್ಲೈತೆ, ಬಂಡೆ ಎಲ್ಲೈತೆ ಅಂತ ಹರಿಗೋಲು ಹಾಕೋರನ್ನ ಕೇಳಲ್ಲ. ಜೀವ ಹೋಗಿದ್ದೂ ಐತೆ. ಹಾರೋ ಹುಚ್ಚು ಎಲ್ಲಿಂದ ಬಂತು? ಇಂಥಾದ್ದು ನೋಡಿಯೇ.

ಮೊಮ್ಮಗಳು: ಅಲ್ಲ ತಾತ, ಇಲ್ಲಿ ನಾನು ಒಪ್ಪಲ್ಲ. ಆ ಹುಚ್ಚು ಹುಟ್ಟೋದು ಹದಿನೈದು ಸೆಕೆಂಡಿನ ತುಣುಕಿನಿಂದ. ತುಣುಕಿನಲ್ಲಿ ಹಾರಿದ್ದು ಮಾತ್ರ ಇರುತ್ತೆ. ಪೂರ್ತಿ ಪ್ರಸಾರದಲ್ಲಿ ನೀನೀಗ ಏನೇನು ನೋಡಿದೆ? ಗಾಳಿಗೆ ಕಾದರು. ಪಟ ಬದಲಾಯಿಸಿದರು. ಕಾಯೋ ಜೆಟ್‌ಸ್ಕಿ ಇತ್ತು. ಒಬ್ಬ ಅರ್ಧಕ್ಕೇ ಜಿಗಿತ ಬಿಟ್ಟು ಸುಮ್ಮನೆ ಇಳಿದ. ಇವತ್ತು ಬೇಡ ಅನ್ನೋದೂ ಈ ಆಟದ ಭಾಗ ಅಂತ ನೇರ ಪ್ರಸಾರ ಬಿಟ್ಟು ಬೇರೆ ಯಾವುದು ಹೇಳಿಕೊಡುತ್ತೆ? ಇದನ್ನ ಮೂರು ತಾಸು ನೋಡಿದವರು ಸಣಾಪುರದ ಬಂಡೆ ಮೇಲೆ ನಿಂತ್ರೆ ಮೊದಲು ನೀರು ನೋಡ್ತಾರೆ.

ತಾತ: ಮೂರು ತಾಸು ಕುಂತು ನೋಡೋರು ಎಷ್ಟು ಮಂದಿ? ನೀನು ಕುಂತೀಯ. ನಿನ್ನ ತಮ್ಮ ಎರಡು ಸಲ ಬಂದು, ಯಾರು ಗೆದ್ರು ಅಂತ ಕೇಳಿ ಹೋದ.

ಮೊಮ್ಮಗಳು: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕ್ಯಾಮೆರಾ ಕಡಲಿನ ಮೇಲೆ ಅಗಲವಾಗಿ ತಿರುಗಿತು. ದೂರದಲ್ಲಿ ತಗ್ಗಾದ ಒಂದು ದ್ವೀಪ ಕಂಡು ಮರೆಯಾಯಿತು.

ತಾತ: ಅದ್ಯಾವ ನಡುಗಡ್ಡೆ?

ಮೊಮ್ಮಗಳು: ರಾಬೆನ್ ದ್ವೀಪ. ಮಂಡೇಲಾ ಅವರ 27 ವರ್ಷದ ಸೆರೆವಾಸದಲ್ಲಿ 18 ವರ್ಷ ಅಲ್ಲೇ.

ತಾತ: ಅಷ್ಟು ಹತ್ರಾನಾ! ಒಂದು ಕ್ಷಣ ನಿಲ್ಲಿಸಬಾರದಿತ್ತಾ ಅದರ ಮೇಲೆ. ಬಿದ್ದವನನ್ನೂ ದಾಟಿ ಹೋತು, ಅದನ್ನೂ ದಾಟಿ ಹೋತು.

ಮೊಮ್ಮಗಳು: ಅದು ದಾಟಿತು, ನೀನು ಕೇಳಿದೆ. ಕ್ಯಾಮೆರಾ ನಿಲ್ಲದ ಕಡೆ ನೋಡೋರು ನಿಲ್ಲಬಹುದಲ್ಲ. ಅಷ್ಟು ಜಾಗ ಇದರಲ್ಲಿದೆ ಅಂತಲೇ ನಾನು ಹೇಳ್ತಿರೋದು. ಒಂದು ಕೇಳ್ತೀನಿ. ಆಷಾಢದಲ್ಲಿ ನಮ್ಮ ಡ್ಯಾಮಿನ ಹಿನ್ನೀರಲ್ಲೂ ಅಲೆ ಏಳುತ್ತೆ. ಇಂಥಾ ಆಟ ಇಲ್ಲಿಗೂ ಬರಬಾರದು ಯಾಕೆ?

ತಾತ: ನಮ್ಮ ಗಾಳಿ ಬೇರೆ. ಕಡಲಿನ ಗಾಳಿಗೆ ಅಡ್ಡ ಏನಿಲ್ಲ, ಒಂದೇ ಸಮ ಬರ್ತೈತೆ. ನಮ್ಮದು ಗುಡ್ಡಕ್ಕೆ ಬಡಿದು, ಒಮ್ಮೆ ಹೊಡೆದು ಒಮ್ಮೆ ಬಿಡ್ತೈತೆ. ಅಂಥಾದ್ದನ್ನ ನಂಬಿ ಮೇಲೆ ಹೋದವನ ಗತಿ ಏನು? ನೀರಿನ ಮಟ್ಟನೂ ನಿಲ್ಲಲ್ಲ. ತಳದಾಗೆ ಹಳೇ ಊರುಗಳದಾವೆ. ನಾರಾಯಣದೇವರಕೆರೆ ಮುಳುಗಿ ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದ್ರು. ಮೇಲೆ ಮೀನುಗಾರರ ಬಲೆ, ಹರಿಗೋಲು. ಆಟಕ್ಕೆ ಅಂತ ಅವರನ್ನ ಎಬ್ಬಿಸಾಕೆ ಆಗಲ್ಲ.

ಮೊಮ್ಮಗಳು: ಅದು ಸರಿ, ಒಪ್ಪಿದೆ. ಆದ್ರೆ ಕಡಲು ನಮಗೂ ಇದೆ. ಮೂಲ್ಕಿ ಹತ್ರದ ಸಸಿಹಿತ್ಲುವಿನಲ್ಲಿ ಅಲೆ ಮೇಲಿನ ಸರ್ಫಿಂಗ್‌ನ ರಾಷ್ಟ್ರ ಮಟ್ಟದ ಸ್ಪರ್ಧೆ ನಡೆದಿದೆ. 2025ರಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ತಂದ್ರು. ಕೈಟ್ ಕಲಿಸೋ ಶಾಲೆಗಳು ತೂತುಕುಡಿ, ರಾಮೇಶ್ವರದ ಕಡೆ ಇವೆ. ಒಂದು ದಿನ ಹೋಗಿ ಹಿಡಿಕೋಲು ಹಿಡೀಬೇಕು ಅಂತ ನನಗಿದೆ.

ತಾತ: ಹೋಗು. ದುಡ್ಡು ಕಡಿಮೆ ಬಿದ್ರೆ ನನ್ನನ್ನ ಕೇಳು. ಗಾಳಿ ಮೈಗೆ ತಾಗಿದ ಮೇಲೆ, ನೋಡಿದ್ದು ಎಷ್ಟು, ನೋಡದೇ ಹೋಗಿದ್ದು ಎಷ್ಟು ಅಂತ ನಿನಗೇ ತಿಳೀತೈತೆ.

ಮೊಮ್ಮಗಳು: ಹೋಗೋ ಆಸೆ ಹುಟ್ಟಿಸಿದ್ದೂ ಈ ಪರದೆಯೇ ತಾತ. ಹೋಗದೇ ಇದ್ರೂ ನಾನು ನೋಡಿದ್ದು ದಂಡವಲ್ಲ. ಎಲ್ಲರಿಗೂ ಕಡಲಿಗೆ ಇಳಿಯೋ ಭಾಗ್ಯ ಇರಲ್ಲ. ದೂರದ ಒಬ್ಬನ ಕೌಶಲವನ್ನ ಅವನಷ್ಟೇ ಸಹನೆಯಿಂದ ಕಾದು ನೋಡೋದಕ್ಕೂ ಒಂದು ಬೆಲೆ ಇದೆ.

ತಾತ: ಸಹನೆ ನಿನಗೈತೆ, ಇಲ್ಲ ಅನ್ನಲ್ಲ. ನೋಡೋನು ಬಿದ್ದವನ ಪಾಲಿಗೂ ಇರಬೇಕು, ನನ್ನ ತಕರಾರು ಅಷ್ಟೇ. ದೂರದಿಂದ ಅದು ಆಗ್ತೈತೆ ಅಂತ ನೀನಂತೀಯ, ನನಗಿನ್ನೂ ನಂಬಿಕೆ ಬಂದಿಲ್ಲ. ಆ ಹುಡುಗ ಮುಂದಿನ ಸುತ್ತಿಗೆ ಬರ್ತಾನೇನು?

ಮೊಮ್ಮಗಳು: ಬರಬಹುದು. ಸೋತವರಿಗೆ ಇನ್ನೊಂದು ಅವಕಾಶದ ಸುತ್ತು ಇಟ್ಟಿರ್ತಾರೆ. ಅದಕ್ಕಿನ್ನೂ ಒಂದು ತಾಸು ಇದೆ.

ತಾತ: ಇರಲಿ. ಅವನು ಬರೋವರೆಗೂ ಹಚ್ಚಿರು. ಅವನು ಇಳಿದ ಮೇಲೆ, ಗೆದ್ದವನನ್ನ ಬೇಕಾದ್ರೆ ನೀನೊಬ್ಬಳೇ ನೋಡ್ಕೋ.

ಮೊಮ್ಮಗಳು: ಇಲ್ಲ, ಕೊನೆಯವರೆಗೆ ನೀನೂ ಕೂರಬೇಕು. ಬಿದ್ದವನ ಪಾಲಿಗೆ ಇರೋರು ಗೆದ್ದವನ ಪಾಲಿಗೂ ಇರಬೇಕು.